ಟೇಲ್‌ಗೇಟ್ ಬಿಚ್ಚಿಟ್ಟರೆ ಪಿಕಪ್‌ಗೆ ಮೈಲೇಜ್ ಬರುತ್ತಾ?

ಪ್ರಶ್ನೆ: ನನ್ನದು ಡೀಸೆಲ್ ಪಿಕಪ್, ಏಳು ವರ್ಷ ಹಳೆಯದು. ಮೊದಲು ಲೀಟರಿಗೆ 12 ಕೊಡುತ್ತಿತ್ತು, ಈಗ 10 ದಾಟುವುದಿಲ್ಲ. ಹೈವೇ ಓಡಾಟವೇ ಜಾಸ್ತಿ. ಮನೆಯಲ್ಲೇ ಮೂರು ಕೆಲಸ ಮಾಡೋಣ ಅಂತಿದ್ದೇನೆ. ಗಾಳಿ ಸೀದಾ ಹಿಂದಕ್ಕೆ ಹೋಗಲಿ ಅಂತ ಟೇಲ್‌ಗೇಟ್ (ಲೋಡ್ ಬಾಡಿಯ ಹಿಂದಿನ ಬಾಗಿಲು) ಬಿಚ್ಚುವುದು, ಮುಂದಿನ ಗ್ರಿಲ್ ಮುಚ್ಚುವುದು, ಡೀಸೆಲ್ ಪೈಪಿಗೆ ಮ್ಯಾಗ್ನೆಟ್ ಕಟ್ಟುವುದು. ಹೋದ ವರ್ಷ ಟೈರ್ ಸ್ವಲ್ಪ ದೊಡ್ಡದು ಹಾಕಿಸಿದೆ. ಅದು ಬಿಟ್ಟರೆ ಎಲ್ಲ ಕಂಪನಿ ಫಿಟ್ಟಿಂಗೇ.

ಉತ್ತರ (ಮೆಕ್ಯಾನಿಕ್): ನಿಮ್ಮ ಕೊನೆಯ ಮಾತನ್ನೇ ಮೊದಲು ಹಿಡಿಯುತ್ತೇನೆ. ಮೀಟರ್ ಎಣಿಸುವುದು ಚಕ್ರದ ಸುತ್ತುಗಳನ್ನು. ಟೈರ್ ದೊಡ್ಡದಾದರೆ ಒಂದೊಂದು ಸುತ್ತಿಗೂ ಗಾಡಿ ಜಾಸ್ತಿ ದೂರ ಹೋಗುತ್ತದೆ, ಮೀಟರಿಗೆ ಅದು ಗೊತ್ತಾಗುವುದಿಲ್ಲ. ಹಾಗಾಗಿ ಮೈಲೇಜ್ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಫೋನಿನ ಜಿಪಿಎಸ್ ಹಾಕಿ 50 ಕಿ.ಮೀ. ಓಡಿಸಿ ನೋಡಿ. ಆಮೇಲೆ ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಅದೇ ಪಂಪಿನಲ್ಲಿ ಮತ್ತೆ ಫುಲ್ ಮಾಡಿಸಿ ಲೆಕ್ಕ ಹಾಕಿ. ಅಳತೆಯೇ ತಪ್ಪಿದ್ದರೆ ಏನು ಬಿಚ್ಚಿದರೂ ಸುಮ್ನೆ.

ಟೇಲ್‌ಗೇಟ್ ಬಿಚ್ಚಬೇಡಿ. ಅದು ಮುಚ್ಚಿದ್ದಾಗ ಲೋಡ್ ಬಾಡಿಯೊಳಗೆ ಗಾಳಿ ಒಂದು ಸುಳಿಯಾಗಿ ತಿರುಗುತ್ತಾ ನಿಲ್ಲುತ್ತದೆ. ಕ್ಯಾಬಿನ್ ಮೇಲಿಂದ ಬರುವ ಗಾಳಿ ಆ ಸುಳಿಯ ಮೇಲೆ ಜಾರಿ ಹೋಗುತ್ತದೆ. ಬಾಗಿಲು ಬಿಚ್ಚಿದರೆ ಸುಳಿ ಒಡೆಯುತ್ತದೆ, ಗಾಡಿಯನ್ನು ಹಿಂದಕ್ಕೆ ಹಿಡಿಯುವ ಗಾಳಿಯ ಎಳೆತ ಹೆಚ್ಚಬಹುದು. ನಾನೂ ಕೆಲಸ ಕಲಿಯುವಾಗ ಬಿಚ್ಚಿ ಓಡಿಸಿದವನೇ! ಬಂದ ಲಾಭ ಏನೂ ಇಲ್ಲ, ಸ್ಪ್ಯಾನರ್ ಒಂದು ದಾರಿಯಲ್ಲಿ ಬಿದ್ದುಹೋಯಿತು.

ಗ್ರಿಲ್ ಹಿಂದೆ ರೇಡಿಯೇಟರ್, ಇಂಟರ್‌ಕೂಲರ್, ಎಸಿ ಕಂಡೆನ್ಸರ್ ಇವೆ, ಇವೆಲ್ಲ ತಣ್ಣಗಾಗಲು ಅಲ್ಲಿಂದಲೇ ಗಾಳಿ ಬರಬೇಕು. ಲೋಡ್ ಹಾಕಿ ಏರು ಹತ್ತುವಾಗ ಎಂಜಿನ್ ಕಾದರೆ ಯಾರು ಹೊಣೆ? ಮ್ಯಾಗ್ನೆಟ್ ಬಗ್ಗೆ ಮಾತೇ ಬೇಡ.

ಬದಲಿಗೆ ಇದು ಮಾಡಿ. ಟೈರ್ ಗಾಳಿಯನ್ನು ಬೆಳಿಗ್ಗೆ, ಗಾಡಿ ತಣ್ಣಗಿದ್ದಾಗ ನೋಡಿ. ಹಿಂದೆ ಬಿದ್ದಿರುವ ಚೈನು, ಹಳೆ ಸಾಮಾನು ಇಳಿಸಿ. ಹೈವೇಯಲ್ಲಿ ಹತ್ತು ಕಿ.ಮೀ. ಓಡಿಸಿ, ಬ್ರೇಕ್ ಹೆಚ್ಚು ಒತ್ತದೆ ನಿಧಾನಕ್ಕೆ ನಿಲ್ಲಿಸಿ, ಒಂದೊಂದು ಚಕ್ರದ ಹತ್ತಿರವೂ ಅಂಗೈ ಹಿಡಿಯಿರಿ. ಮುಟ್ಟಬೇಡಿ, ಸುಡುತ್ತದೆ. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಅಂತ ಅನುಮಾನಿಸಿ.

ಇನ್ನೊಬ್ಬರು: ಟಾರ್ಪಾಲ್ ಕಟ್ಟಿದರೆ?

ಉತ್ತರ: ಬಿಗಿಯಾದ, ಚಪ್ಪಟೆ ಕವರ್ ಆದರೆ ಸ್ವಲ್ಪ ಲಾಭ ಉಂಟು. ಪಟಪಟ ಹೊಡೆದುಕೊಳ್ಳುವ ಟಾರ್ಪಾಲ್ ಇನ್ನೂ ನಷ್ಟ. ಖರ್ಚಿಲ್ಲದ ದಾರಿ ಬೇಕಾದರೆ ವೇಗ ಇಳಿಸಿ. 80ರಲ್ಲಿ ಇರುವ ಗಾಳಿಯ ಎಳೆತ 100ಕ್ಕೆ ಹೋದರೆ ಒಂದೂವರೆ ಪಟ್ಟಿಗೂ ಜಾಸ್ತಿಯಾಗುತ್ತದೆ.

ಮತ್ತೊಬ್ಬರು: ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತೆ ಅಲ್ವಾ?

ಉತ್ತರ: ಇಲ್ಲ. ಈಗಿನ ಎಂಜಿನ್‌ಗಳಲ್ಲಿ ಗೇರ್‌ನಲ್ಲೇ ಇಟ್ಟು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಟರ್ ಡೀಸೆಲ್ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ನಲ್ಲಿ ಐಡ್ಲಿಂಗ್‌ಗೆ ಬೇಕಾದಷ್ಟು ಕುಡಿಯುತ್ತಲೇ ಇರುತ್ತದೆ. ಮೇಲಾಗಿ ಎಂಜಿನ್ ಬ್ರೇಕಿಂಗ್, ಅಂದರೆ ಎಂಜಿನ್ನೇ ಗಾಡಿಯನ್ನು ಹಿಡಿದು ನಿಧಾನ ಮಾಡುವುದು, ಇರುವುದಿಲ್ಲ.

ಪ್ರಶ್ನೆ ಕೇಳಿದವರು: ನೋಡಿದೆ ಅಣ್ಣಾ. ಮೀಟರ್ 50 ತೋರಿಸಿದಾಗ ಜಿಪಿಎಸ್ 53. ಮುಂದಿನ ಎಡ ಚಕ್ರದ ಹತ್ತಿರ ಕೈ ಇಡಲಾಗದಷ್ಟು ಬಿಸಿ!

ಉತ್ತರ: ಅಂದರೆ ನಿಮ್ಮ 10 ನಿಜವಾಗಿ 10.6. ಉಳಿದಿದ್ದರಲ್ಲಿ ಆ ಚಕ್ರದ ಪಾಲೂ ಇದೆ. ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಒತ್ತುವ ಭಾಗ) ಜಾರುವ ಪಿನ್ ಜಾಮ್ ಆಗಿರಬಹುದು. ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಟ್ಟು ಬಿಚ್ಚಿ. ಪಿನ್ ಒರೆಸಿ, ಬ್ರೇಕಿಗಂತಲೇ ಬರುವ ಗ್ರೀಸ್ ಹಚ್ಚಿ. ಮಾಮೂಲಿ ಗ್ರೀಸ್ ಬೇಡ, ಅಲ್ಲಿನ ರಬ್ಬರ್ ಊದಿ ಪಿನ್ ಮತ್ತೆ ಕಚ್ಚಿಕೊಳ್ಳುತ್ತದೆ. ಪಿನ್ ಸಲೀಸಾಗಿ ಆಡುತ್ತಿದ್ದರೆ ದೋಷ ಕ್ಯಾಲಿಪರಿನ ಪಿಸ್ಟನ್‌ನಲ್ಲೋ ಬ್ರೇಕ್ ಹೋಸ್‌ನಲ್ಲೋ ಇರಬಹುದು. ಆಗ ಮನೆಯಲ್ಲಿ ಕೈ ಹಾಕಬೇಡಿ, ಗ್ಯಾರೇಜಿಗೆ ತನ್ನಿ.