ಸಮಸ್ಯಾಪೂರಣ: ಕಾಯಿಸಲು ಕುಗ್ಗಿದುದು ಗಾಜಿನೊಳ ನೀರು

ಪೃಚ್ಛಕರು

ಒಗಟಿನಂಥ ಕೊನೆಯ ಸಾಲನ್ನು ಪೃಚ್ಛಕರಾದ ನಾವು ಒಡ್ಡುತ್ತೇವೆ, ಮೊದಲ ಮೂರು ಪಾದ ಕಟ್ಟಿ ಅದಕ್ಕೆ ಅರ್ಥ ಕೂಡಿಸುವುದು ಪೂರಣ. ಈ ಸಲದ ಸಾಲು:

ಕಾಯಿಸಲು ಕುಗ್ಗಿದುದು ಗಾಜಿನೊಳ ನೀರು

ಪಂಚಮಾತ್ರೆಯ ಚೌಪದಿ. ಪಾದಕ್ಕೆ ಐದೈದು ಮಾತ್ರೆಯ ಮೂರು ಗಣ, ಕೊನೆಗೆ ಮೂರು ಮಾತ್ರೆ: ಕಾಯಿಸಲು | ಕುಗ್ಗಿದುದು | ಗಾಜಿನೊಳ | ನೀರು. ಆದಿಪ್ರಾಸ ಕಡ್ಡಾಯ. ಮೊದಲಕ್ಷರ ದೀರ್ಘ, ಎರಡನೆಯದು ಯಕಾರ, ಅಂದರೆ ಗಜಪ್ರಾಸ. ತೋಯ, ವಾಯು, ಕಾಯ, ನ್ಯಾಯ, ಬಾಯಿ, ಆಯ, ಪದಗಳಿಗೇನೂ ಬರವಿಲ್ಲ. ಗಣದ ಮೊದಲಿಗೆ ಲಗಂ (ಲಘುವಿನ ಹಿಂದೆಯೇ ಗುರು) ಬರಬಾರದು.

ಇನ್ನೊಂದು ಷರತ್ತು. ನೀರಿನ ಬಗ್ಗೆ ಆಡಿದ ಮಾತು ಪದ್ಯದ ಹೊರಗೂ ನಿಜವಾಗಿರಬೇಕು. ಹಂಸ ನೀರು ಬಿಟ್ಟು ಹಾಲು ಕುಡಿಯುತ್ತದೆ ಎಂಬಂಥ ಕವಿಸಮಯಕ್ಕೆ ಇಲ್ಲಿ ಜಾಗವಿಲ್ಲ.

ಪೂರಣ 1

ಬಾಯಗಲ ಪಾತ್ರೆಯೊಳು ಕುದಿದೆದ್ದು ಹಬೆಯು
ವಾಯುವಿನೊಳೊಂದಾಗೆ ತೂಕವದು ತಗ್ಗಿ,
ಮಾಯವಾದುದ ಕಂಡು ಮರುಳಾಗಬೇಡ
ಕಾಯಿಸಲು ಕುಗ್ಗಿದುದು ಗಾಜಿನೊಳ ನೀರು

ಪೃಚ್ಛಕರು

ಮಾತ್ರೆ, ಪ್ರಾಸ ಎರಡೂ ನೆಟ್ಟಗಿವೆ. ‘ವಾಯುವಿನೊಳೊಂದಾಗೆ’ ಬಾಯಲ್ಲಿ ಸರಾಗ ಹರಿಯುತ್ತದೆ. ಆದರೆ ಸಮಸ್ಯೆ ಬಿಡಿಸಿದಂತಾಗಲಿಲ್ಲ. ಆವಿಯಾಗಿ ಹೋದ ನೀರು ಕುಗ್ಗಿದ್ದಲ್ಲ, ಕಮ್ಮಿಯಾದದ್ದು. ‘ತೂಕವದು ತಗ್ಗಿ’ ಎಂದು ನೀವೇ ಒಪ್ಪಿಕೊಂಡಿದ್ದೀರಿ. ಕುಗ್ಗುವುದೆಂದರೆ ತೂಕ ಇದ್ದಷ್ಟೇ ಇದ್ದು ಗಾತ್ರ ಇಳಿಯುವುದು. ಎಣ್ಣೆಯನ್ನಿಟ್ಟರೂ ಪಾದರಸವನ್ನಿಟ್ಟರೂ ನಿಮ್ಮ ಪದ್ಯ ಹೀಗೇ ನಿಲ್ಲುತ್ತದೆ. ನೀರಿಗೇ ಸಲ್ಲುವ ಮಾತು ಬೇಕು. ಇನ್ನೊಮ್ಮೆ ಪ್ರಯತ್ನಿಸಿ.

ಪೂರಣ 2

ತೋಯಕಣಗಳು ಹೆಣೆದ ಹಿಮದ ಹಂದರವು
ಸಾಯದುಳಿದಿರೆ ಕರಗಿದರು ಚೂರುಪಾರು,
ಆಯವನು ತಪ್ಪಿಸಲು ನಾಲ್ಕರೊಳ ಬಿಸುಪು
ಕಾಯಿಸಲು ಕುಗ್ಗಿದುದು ಗಾಜಿನೊಳ ನೀರು

ಪೃಚ್ಛಕರು

ಇದು ಪೂರಣ! ‘ಚೂರುಪಾರು’ ಗಣದ ಗಡಿಯಲ್ಲಿ ತಾನೇ ಚೂರಾಗಿ ಕೂತಿದೆ, ಅರ್ಥಕ್ಕೂ ಒಪ್ಪಿದೆ. ‘ಆಯ ತಪ್ಪಿಸು’ ಎಂಬ ಬಳಕೆಮಾತು ಪ್ರಾಸಕ್ಕೆ ಸಿಕ್ಕಿದ್ದು ನಿಮ್ಮ ಭಾಗ್ಯ. ‘ಕರಗಿದರೂ’ ಎಂಬುದನ್ನು ‘ಕರಗಿದರು’ ಎಂದು ಮೊಟಕಿಸಿದ್ದೀರಿ, ಪದ್ಯದಲ್ಲಿ ಸಹಿಸಬಹುದು.

ಪ್ರತಿಕ್ರಿಯೆ

ಪದ್ಯ ಮೆಚ್ಚಿದೆ, ಒಂದು ಮಾತು ಸೇರಿಸಬೇಕು. ಕರಗಿದ ನೀರಿನಲ್ಲಿ ಮಂಜುಗಡ್ಡೆಯ ಪುಡಿ ತೇಲಾಡುತ್ತಿದೆ ಎಂದು ಓದುಗರು ತಿಳಿದರೆ ತಪ್ಪಾಗುತ್ತದೆ. ಉಳಿಯುವುದು ಜೋಡಣೆಯ ಒಲವು ಮಾತ್ರ. ನೀರಿನ ಒಂದು ಅಣುವಿಗೆ ನಾಲ್ಕು ಕೈಗಳಿವೆಯೆನ್ನಿ: ಎರಡು ಹೈಡ್ರೋಜನ್ನಿನವು, ಇನ್ನೆರಡು ಆಮ್ಲಜನಕದ ಮೇಲಿರುವ ಬಿಡಿ ಎಲೆಕ್ಟ್ರಾನ್ ಜೋಡಿಗಳವು. ನಾಲ್ಕೂ ಕೈ ಹಿಡಿದುಕೊಂಡಾಗ ಅಣುಗಳು ದೂರದೂರ ನಿಲ್ಲಬೇಕಾಗುತ್ತದೆ, ನಡುವೆ ಬಯಲು ಉಳಿಯುತ್ತದೆ. ದ್ರವದಲ್ಲಿ ಒಂದು ಹಿಡಿತ ಬಾಳುವುದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು ಹೊತ್ತು. ಬಿಟ್ಟು ಮತ್ತೆ ಹಿಡಿಯುತ್ತಲೇ ಇರುತ್ತದೆ. ಶಕ್ತಿಯಲ್ಲೂ ಅದು ಸಡಿಲ. ಅಣುವಿನ ಒಳಗಿನ ಆಮ್ಲಜನಕ–ಹೈಡ್ರೋಜನ್ ಬಂಧ ಮೋಲಿಗೆ ಸುಮಾರು 460 ಕಿಲೋಜೂಲ್ ಕೇಳಿದರೆ ಅಣು–ಅಣುಗಳ ನಡುವಿನ ಈ ಹಿಡಿತಕ್ಕೆ 20ರ ಆಸುಪಾಸು ಸಾಕು.

ಕಾಯಿಸಿದಾಗ ಎರಡು ಕೆಲಸ ಒಟ್ಟಿಗೇ ನಡೆಯುತ್ತವೆ. ಅಣುಗಳ ಕುಣಿತ ಹೆಚ್ಚಿ ಗಾತ್ರ ಹಿಗ್ಗಬೇಕು. ಬಯಲಿನ ಜೋಡಣೆ ಕುಸಿದು ಗಾತ್ರ ಕುಗ್ಗಬೇಕು. 3.98 ಡಿಗ್ರಿ ಸೆಲ್ಸಿಯಸ್‌ವರೆಗೆ ಕುಸಿತದ ಕೈ ಮೇಲು, ಆಮೇಲೆ ಕುಣಿತದ್ದು. ಒಂದು ಮಿಲಿಲೀಟರ್ ನೀರಿನ ತೂಕ 0 ಡಿಗ್ರಿಯಲ್ಲಿ 0.99984 ಗ್ರಾಂ, 4ರಲ್ಲಿ 0.99997 ಗ್ರಾಂ. ಒಂದು ಲೀಟರಿಗೆ ಲೆಕ್ಕ ಹಾಕಿದರೆ ಕುಗ್ಗುವುದು 0.13 ಮಿ.ಲೀ., ಅಂದರೆ ಎರಡು ಮೂರು ಹನಿ. 8 ಡಿಗ್ರಿಯ ಹೊತ್ತಿಗೆ ಗಾತ್ರ ಮತ್ತೆ ಮೊದಲಿನಷ್ಟೇ.

ಪೂರಣ 2ರ ಕವಿ

ಒಪ್ಪಿದೆ. ‘ಚೂರುಪಾರು’ ಹಂದರಕ್ಕೆ ಅನ್ವಯ, ಗಡ್ಡೆಗಲ್ಲ. ಹಾಗೆ ಓದಿದರೆ ಪದ ಬದಲಿಸಬೇಕಾಗಿಲ್ಲ.

ಪೂರಣ 3

ಕಾಯವೇ ಹಿಗ್ಗಿರಲು ಗಾಜಿನದು ಮೊದಲು
ನ್ಯಾಯದಲಿ ನೀರಿಂಗೆ ಜಾಗ ಹೆಚ್ಚಾಯ್ತು,
ಬಾಯ ಬಿಡದಿರಿ ಮಟ್ಟ ತುಸುವಿಳಿಯೆ ಕಂಡು
ಕಾಯಿಸಲು ಕುಗ್ಗಿದುದು ಗಾಜಿನೊಳ ನೀರು

ಪೃಚ್ಛಕರು

‘ಗಾಜಿನೊಳ’ ಎಂಬ ಪದಕ್ಕೆ ಕೆಲಸ ಕೊಟ್ಟವರು ನೀವೊಬ್ಬರೇ. ಸಂತೋಷ. ಫ್ಲಾಸ್ಕನ್ನು ಬಿಸಿನೀರಿಗೆ ಅದ್ದಿದ ಕೂಡಲೇ ಕಾವು ಮೊದಲು ಗಾಜಿಗೆ ತಾಗಿ ಅದು ಹಿಗ್ಗುತ್ತದೆ, ಮಟ್ಟ ಒಂದು ಗಳಿಗೆ ಇಳಿದು ಆಮೇಲೆ ಏರುತ್ತದೆ. ಆದರೆ ತರ್ಕದಲ್ಲಿ ತೊಡಕು: ಮೂರು ಪಾದ ನೀರು ಕುಗ್ಗಲಿಲ್ಲವೆಂದು ಸಾಧಿಸುತ್ತವೆ, ನಾಲ್ಕನೆಯದು ಕುಗ್ಗಿತೆನ್ನುತ್ತದೆ. ಕೊನೆಯ ಸಾಲನ್ನು ಬೇರೆಯವನ ಬಾಯಿಗೆ ಹಾಕಿದರೆ ಸರಿಹೋಗುತ್ತದೆ. ಸವರಣೆ:

ಬಾಯ ಬಿಡುವನು ಮರುಳ ಮಟ್ಟವಿಳಿದೊಡನೆ
“ಕಾಯಿಸಲು ಕುಗ್ಗಿದುದು ಗಾಜಿನೊಳ ನೀರು!”

ಸಮಸ್ಯೆಯ ಸಾಲು ನೇರವಾಗಿ ನಿಜವಾಗದಿದ್ದಾಗ ಅದನ್ನು ಭ್ರಮೆಯ ಉದ್ಗಾರವಾಗಿಸುವುದು ಹಳೆಯ ದಾರಿ, ಗಟ್ಟಿ ದಾರಿ.

ಪ್ರತಿಕ್ರಿಯೆ

ಎರಡನೆಯ ಮತ್ತು ಮೂರನೆಯ ಪೂರಣಗಳು ಒಂದೇ ಕೊಳವೆಯಲ್ಲಿ ಸೇರಿಕೊಳ್ಳುತ್ತವೆ. ಪ್ರಯೋಗ ಮಾಡಿ ನೋಡಬಯಸುವವರಿಗೆ ಅಳತೆ ಕೊಡುತ್ತೇನೆ.

250 ಮಿ.ಲೀ. ಫ್ಲಾಸ್ಕು, ಒಂದು ತೂತಿನ ರಬ್ಬರ್ ಬಿರಡೆ, ಒಳವ್ಯಾಸ 2 ಮಿ.ಮೀ. ಇರುವ ಗಾಜಿನ ಕೊಳವೆ. ನೀರನ್ನು ಹತ್ತು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ. ಕುದಿಸುವುದು ಕರಗಿದ ಗಾಳಿಯನ್ನು ಹೊರಡಿಸಲು. ಈ ಹಂತ ಬಿಟ್ಟರೆ ಬೆಚ್ಚಗಾಗುತ್ತ ಗುಳ್ಳೆಗಳು ಗಾಜಿಗೆ ಅಂಟಿಕೊಳ್ಳುತ್ತವೆ. ಒಂದು ಮಿ.ಲೀ. ಗಾಳಿ ನಾಲ್ಕು ಡಿಗ್ರಿಗೆ 0.015 ಮಿ.ಲೀ. ಹಿಗ್ಗುತ್ತದೆ, 250 ಮಿ.ಲೀ. ನೀರು ಕುಗ್ಗುವುದೇ 0.033. ಗುಳ್ಳೆಯೊಂದು ಅರ್ಧ ಫಲವನ್ನೇ ನುಂಗಿಬಿಡುತ್ತದೆ. ಫ್ಲಾಸ್ಕನ್ನು ಕಂಠದವರೆಗೂ ತುಂಬಿ, ಬಿರಡೆಯನ್ನು ತಿರುಗಿಸುತ್ತ ಒತ್ತಿ. ನೀರು ಕೊಳವೆಯ ಅರ್ಧಕ್ಕೇರಿ ನಿಲ್ಲಬೇಕು, ಬಿರಡೆಯ ಅಡಿಯಲ್ಲಿ ಗಾಳಿ ಇರಕೂಡದು. ಪುಡಿಮಾಡಿದ ಮಂಜುಗಡ್ಡೆಯೂ ನೀರೂ ಬೆರೆತ ಪಾತ್ರೆಯಲ್ಲಿ ಒಂದು ಗಂಟೆ ಇಡಿ. ಮಟ್ಟ ಅಲುಗದೆ ನಿಂತ ಮೇಲೆ ಗುರುತು ಹಾಕಿ, ಹೊರತೆಗೆದು ತಂತಾನೇ ಬೆಚ್ಚಗಾಗಲು ಬಿಡಿ.

0ಯಿಂದ 4ಕ್ಕೆ ಬರುವಷ್ಟರಲ್ಲಿ ಮಟ್ಟ ಸುಮಾರು 19 ಮಿ.ಮೀ. ಇಳಿಯುತ್ತದೆ. ಅದರಲ್ಲಿ ನೀರು ನಿಜವಾಗಿ ಕುಗ್ಗಿದ್ದು 10 ಮಿ.ಮೀ.ಗಿಂತ ತುಸು ಹೆಚ್ಚು, ಉಳಿದದ್ದು ಸಾಮಾನ್ಯ ಗಾಜು ಹಿಗ್ಗಿದ್ದು. ಹೀಗಾಗಿ ಮಟ್ಟ ಎಲ್ಲಕ್ಕಿಂತ ಕೆಳಗೆ ಕಾಣುವುದು 4ರಲ್ಲಲ್ಲ, ಐದೂವರೆ–ಆರರ ನಡುವೆ. ‘ಪ್ರಯೋಗ ಕೆಟ್ಟಿತು, ಥರ್ಮಾಮೀಟರ್ ಸುಳ್ಳು’ ಎಂದು ಬಿಡುವವರು ಎಡವುವುದು ಇಲ್ಲೇ. ಬೋರೋಸಿಲಿಕೇಟ್ ಗಾಜಿನ ಹಿಗ್ಗು ಕಮ್ಮಿ, ಅದರಲ್ಲಿ ತಳಮಟ್ಟ ನಾಲ್ಕೂವರೆ ದಾಟಿದೊಡನೆ ಸಿಗುತ್ತದೆ.

ಆಗಾಗ ಫ್ಲಾಸ್ಕನ್ನು ಮೆಲ್ಲಗೆ ಸುತ್ತಿಸುತ್ತಿರಿ. 4 ಡಿಗ್ರಿಯ ಹತ್ತಿರ ಸಾಂದ್ರತೆಯ ವ್ಯತ್ಯಾಸವೇ ಇಲ್ಲದಷ್ಟಾಗಿ ನೀರಿನ ತನ್ನಷ್ಟಕ್ಕಿನ ಓಡಾಟ ನಿಂತುಹೋಗುತ್ತದೆ. ಆಗ ಥರ್ಮಾಮೀಟರು ಒಂದು ಮೂಲೆಯ ಮಾತು ಹೇಳುತ್ತದೆ, ಕೊಳವೆ ಇಡೀ ನೀರಿನ ಸರಾಸರಿ ಹೇಳುತ್ತದೆ.

ಪೃಚ್ಛಕರು

ಮೊದಲ ಸಮಸ್ಯೆಗೆ ಇಷ್ಟು ಸಾಕು. ಎರಡನೆಯದು, ಅದೇ ಛಂದಸ್ಸಿನಲ್ಲಿ, ಲಕಾರದ ಗಜಪ್ರಾಸದಲ್ಲಿ:

ತೇಲಿದುದು ಕಲ್ಲಾಗಿ ತನ್ನೊಳೇ ನೀರು

ಪೂರಣ 4

ಸಾಲಾಗಿ ಕೈಕೈಯ ಹಿಡಿದು ಕಣವೆಲ್ಲ
ಖಾಲಿಯಿರೆ ನಡುನಡುವೆ ಷಟ್ಕೋನದೆಡೆಯು,
ಪಾಲೊಂದು ಹನ್ನೊಂದರಲಿ ಹೆಚ್ಚಿ ಬರಲು
ತೇಲಿದುದು ಕಲ್ಲಾಗಿ ತನ್ನೊಳೇ ನೀರು

ಪ್ರತಿಕ್ರಿಯೆ

ಅಳತೆಯನ್ನೇ ಪ್ರಾಸದಲ್ಲಿ ಕೂರಿಸಿದ್ದೀರಿ, ಅದೂ ಸರಿಯಾದ ಅಳತೆ. ಮಂಜುಗಡ್ಡೆಯ ಸಾಂದ್ರತೆ 0.917, ಆದ್ದರಿಂದ ಹನ್ನೊಂದು ಲೋಟ ನೀರು ಹೆಪ್ಪುಗಟ್ಟಿದರೆ ಹನ್ನೆರಡು ಲೋಟದಷ್ಟು ಗಡ್ಡೆ. ಆದರೆ ತೇಲುವ ಗಡ್ಡೆಯಲ್ಲಿ ನೀರಿನ ಮೇಲೆ ಕಾಣುವುದು ಹನ್ನೆರಡರಲ್ಲಿ ಒಂದು ಪಾಲು. ಹಿಗ್ಗಿದ ಪಾಲು ಬೇರೆ, ಕಾಣುವ ಪಾಲು ಬೇರೆ. ಸಮುದ್ರದಲ್ಲಾದರೆ ಉಪ್ಪುನೀರು ಭಾರವಾದ್ದರಿಂದ ಹತ್ತರಲ್ಲಿ ಒಂದು ಪಾಲು ಮೇಲಿರುತ್ತದೆ.

ಷಟ್ಕೋನದ ಎಡೆಯೂ ನಿಜ. ಬಿಡಿ ಅಣುವಿನ ಕೋನ 104.5 ಡಿಗ್ರಿ, ಗಡ್ಡೆಯ ಹೆಣಿಗೆ ಬೇಡುವುದು 109.5ರ ಸಮೀಪದ್ದು. ಅಷ್ಟು ಹತ್ತಿರವಿರುವುದರಿಂದಲೇ ಅಣುಗಳು ಹೆಚ್ಚು ನುಲಿಯದೆ ಆರಾರರ ಉಂಗುರಗಳಾಗಿ ಕೂಡಿಕೊಳ್ಳುತ್ತವೆ. ಗಂಧಕಕ್ಕೆ ಈ ಹಿಡಿತ ಒಲಿಯಲಿಲ್ಲ. ನೀರಿಗಿಂತ ಭಾರವಾದ ಹೈಡ್ರೋಜನ್ ಸಲ್ಫೈಡ್ ಸೊನ್ನೆಗಿಂತ 60 ಡಿಗ್ರಿ ಕೆಳಗೇ ಕುದಿದು ಅನಿಲವಾಗುತ್ತದೆ, ನೀರು 100ರವರೆಗೂ ಕಾಯುತ್ತದೆ.

ಪೂರಣ 5

ಮೇಲೆ ಹೊದಿಕೆಯ ಹಾಸಿ ಕೆಳಗೆ ಮೀನ್ಗಳನು
ಪಾಲಿಸುತ ನಾಲ್ಕರಲಿ ಬಿಸುಪ ಬಚ್ಚಿಟ್ಟು,
ಕಾಲ ಬರುವನಕ ಕೊಳದೊಡಲ ಕಾಯಲಿಕೆ
ತೇಲಿದುದು ಕಲ್ಲಾಗಿ ತನ್ನೊಳೇ ನೀರು

ಪೃಚ್ಛಕರು

‘ಕೊಳದೊಡಲ ಕಾಯಲಿಕೆ’ಯಲ್ಲಿ ‘ಕಾಯು’ ಕಾಪಾಡುವುದೂ ಹೌದು, ಬೆಚ್ಚಗಿರುವುದೂ ಹೌದು. ಹಿಂದಿನ ಸಮಸ್ಯೆಯ ‘ಕಾಯಿಸಲು’ ಇಲ್ಲಿ ಮರುದನಿಗೊಟ್ಟಂತಿದೆ. ಈ ಸರಣಿಯಲ್ಲಿ ನನಗೆ ಅತ್ಯಂತ ಹಿಡಿಸಿದ ಪಾದ ಇದು.

ಪ್ರತಿಕ್ರಿಯೆ

ಹೊದಿಕೆಯ ಮಾತನ್ನು ಸ್ವಲ್ಪ ಬಿಡಿಸಬೇಕು. ಮಂಜುಗಡ್ಡೆ ಕಾವನ್ನು ತಡೆಯುವ ಕಂಬಳಿಯಲ್ಲ, ಅಲುಗದ ನೀರಿಗಿಂತ ನಾಲ್ಕು ಪಟ್ಟು ಚೆನ್ನಾಗಿಯೇ ಕಾವು ಸಾಗಿಸುತ್ತದೆ (2.2ಕ್ಕೆ ಎದುರಾಗಿ 0.56). ಅದರ ಉಪಕಾರ ಬೇರೆ. ಗಾಳಿ ನೀರನ್ನು ಕಲಕದಂತೆ ತಡೆಯುತ್ತದೆ. ದಪ್ಪವಾದಷ್ಟೂ ಅಡಿಯಲ್ಲಿ ಹೊಸ ಪದರ ಕಟ್ಟುವುದು ನಿಧಾನವಾಗುತ್ತದೆ. ಹೆಪ್ಪುಗಟ್ಟುವ ಪ್ರತಿ ಕಿಲೋ ನೀರೂ 334 ಕಿಲೋಜೂಲ್ ಗುಪ್ತೋಷ್ಣವನ್ನು ಬಿಟ್ಟುಕೊಡಬೇಕಲ್ಲ. ನಿಜವಾದ ಕಂಬಳಿ ಗಡ್ಡೆಯ ಮೇಲೆ ಬಿದ್ದ ಹಿಮ, ಅದರ ಸಂದುಗಳಲ್ಲಿ ಸಿಕ್ಕ ಗಾಳಿ.

‘ನಾಲ್ಕರಲಿ ಬಿಸುಪ ಬಚ್ಚಿಟ್ಟು’ ಅಕ್ಷರಶಃ ಸತ್ಯ. ಚಳಿಗೆ ಮೇಲ್ನೀರು ತಣಿದು ಭಾರವಾಗಿ ಮುಳುಗುತ್ತ, ಮುಳುಗುತ್ತ, ಇಡೀ ಕೊಳ 4ಕ್ಕೆ ಬರುತ್ತದೆ. ಇನ್ನೂ ತಣಿದರೆ ಹಗುರವಾಗಿ ಮೇಲೇ ನಿಲ್ಲುತ್ತದೆ. ಸ್ಕಾಟ್ಲೆಂಡಿನ ರಸಾಯನವಿಜ್ಞಾನಿ ಥಾಮಸ್ ಚಾರ್ಲ್ಸ್ ಹೋಪ್ ಇದನ್ನು 1805ರಲ್ಲಿ ಪ್ರಕಟಿಸಿದ. ಎತ್ತರದ ಜಾಡಿಯ ನಡುವಿಗೆ ತಂಪು ಮಿಶ್ರಣದ ಪಟ್ಟಿ, ಮೇಲೊಂದು ಕೆಳಗೊಂದು ಥರ್ಮಾಮೀಟರ್. ಮೊದಲು ಕೆಳಗಿನದು ಇಳಿದು 4ರಲ್ಲಿ ನಿಂತುಬಿಡುತ್ತದೆ; ಆಮೇಲಷ್ಟೇ ಮೇಲಿನದು ಸರಸರ ಇಳಿದು ಸೊನ್ನೆ ಮುಟ್ಟುತ್ತದೆ. ಗಾಜಿನ ಹಿಗ್ಗು ಈ ಪ್ರಯೋಗಕ್ಕೆ ಅಡ್ಡ ಬರುವುದೇ ಇಲ್ಲ, ಅದೇ ಇದರ ಚಂದ.

ಪ್ರಶ್ನೆ

‘ಕೊಳದೊಡಲ’ ಬದಲು ‘ಕಡಲೊಡಲ’ ಎಂದರೆ ಅನುಪ್ರಾಸ ಸೊಗಸಾಗುತ್ತಿತ್ತು. ಬಳಸಬಹುದೇ?

ಪ್ರತಿಕ್ರಿಯೆ

ಬೇಡ. ಮಾತ್ರೆ ಐದೇ ಇರುತ್ತದೆ, ಆದರೆ ಅರ್ಥ ಕೆಡುತ್ತದೆ. ಒಂದು ಕಿಲೋ ನೀರಿಗೆ 24.7 ಗ್ರಾಂ ಉಪ್ಪು ದಾಟಿದರೆ ಅತಿ ಹೆಚ್ಚು ಸಾಂದ್ರತೆಯ ಬಿಂದು ಹೆಪ್ಪುಗಟ್ಟುವ ಬಿಂದುವಿಗಿಂತ ಕೆಳಗೆ ಜಾರುತ್ತದೆ. ಕಡಲಲ್ಲಿ 35 ಗ್ರಾಂ. ಅದು ಸೊನ್ನೆಗಿಂತ 1.9 ಡಿಗ್ರಿ ಕೆಳಗೆ ಹೆಪ್ಪುಗಟ್ಟುವವರೆಗೂ ತಣಿದಷ್ಟೂ ಭಾರವಾಗುತ್ತಲೇ ಹೋಗುತ್ತದೆ. ಅಲ್ಲಿ ‘ನಾಲ್ಕರಲಿ ಬಿಸುಪು’ ಇಲ್ಲ. ಮೊದಲ ಸಮಸ್ಯೆಯೂ ಕಡಲ ನೀರಿಗೆ ಸುಳ್ಳು. ‘ತೇಲಿದುದು ಕಲ್ಲಾಗಿ’ ಮಾತ್ರ ಎರಡು ಕಡೆಯೂ ನಿಲ್ಲುತ್ತದೆ.

ಪೂರಣ 6ರ ಮೊದಲ ಪಾದ, ಸಲಹೆಗಾಗಿ

ಆಲಿಕಲ್ಲಿನ ಹಾಗೆ ಘನೀಭವಿಸಿ ಬರಲು

ಪೃಚ್ಛಕರು

‘ಘನೀಭವಿ’ ಐದು ಮಾತ್ರೆಯೇ, ಆದರೆ ಲಘುವಿನ ಬೆನ್ನಿಗೆ ಗುರು ಬಂದು ಲಗಂ ಆಯಿತು. ಮೇಲಾಗಿ ‘ಸಿ ಬರಲು’ ನಾಲ್ಕು ಮಾತ್ರೆ. ‘ಆಲಿಕಲ್ಲಿನ ಹಾಗೆ ಗಟ್ಟಿಗೊಂಡಿರಲು’ ಎಂದರೆ ಎರಡೂ ಸರಿ. ಉಳಿದ ಪಾದಗಳನ್ನು ಹಾಕಿ.

ಮೂರನೆಯ ಸಮಸ್ಯೆ, ದಕಾರದ ಗಜಪ್ರಾಸ: ಕಾದ ಹಂಚಿನ ಮೇಲೆ ಕುದಿಯದೀ ನೀರು

ಪೂರಣ 7

ಪಾದದಡಿ ಹಬೆಯೊಂದು ಹಾಸಾಗಿ ಹರಡೆ
ಹಾದಿಯೇ ಮುಚ್ಚಿತೈ ಕಾವು ಹರಿಯಲಿಕೆ,
ಆದೊಡೇನೋಡುತಿದೆ ಗುಂಡಾಗಿ ಹನಿಯು
ಕಾದ ಹಂಚಿನ ಮೇಲೆ ಕುದಿಯದೀ ನೀರು

ಪ್ರತಿಕ್ರಿಯೆ

ಜರ್ಮನಿಯ ವೈದ್ಯ ಲೈಡೆನ್‌ಫ್ರಾಸ್ಟ್ 1756ರಲ್ಲಿ ವಿವರಿಸಿದ್ದೇ ಇದು. ನುಣುಪಾದ ಲೋಹದ ತಟ್ಟೆ 200 ಡಿಗ್ರಿಯ ಆಸುಪಾಸು ದಾಟಿರಬೇಕು. 150ರಲ್ಲಿ ಹನಿ ಚುಂಯ್ಯೆಂದು ಕುದಿದು ಕ್ಷಣದಲ್ಲಿ ಹೋಗುತ್ತದೆ. 200 ದಾಟಿದ ತಟ್ಟೆಯ ಮೇಲೆ ಹೆಚ್ಚು ಹೊತ್ತು ಬಾಳುತ್ತದೆ. ಅಡಿಯ ಹಬೆಯ ಪದರ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತೆಳು, ಆದರೆ ಹಬೆ ನೀರಿನ ಇಪ್ಪತ್ತನೇ ಒಂದು ಪಾಲಿನಷ್ಟೂ ಕಾವು ಸಾಗಿಸದು. ಹಂಚು ಮಣ್ಣಿನದಾದರೆ ಪದ್ಯ ಬೀಳುತ್ತದೆ: ಅದರ ರಂಧ್ರಗಳು ಹನಿಯನ್ನು ಹೀರುತ್ತವೆ, ಒರಟು ಮೈ ಹಬೆಯ ಪದರವನ್ನು ಹರಿದುಹಾಕುತ್ತದೆ. ಕಬ್ಬಿಣದ ಹಂಚೆಂದೇ ಓದಿಕೊಳ್ಳೋಣ.

ಪೃಚ್ಛಕರು

ಮೂರನೆಯ ಪಾದದಲ್ಲಿ ಸಂಧಿ ಅರ್ಥವನ್ನು ನುಂಗಿದೆ. ‘ಆದೊಡೇನ್ ಓಡುತಿದೆ’ ಎಂಬುದು ಗಣ ಮುರಿದಾಗ ‘ನೋಡುತಿದೆ’ ಎಂದು ಕೇಳಿಸುತ್ತದೆ. ಹನಿ ಓಡುವ ಬದಲು ನಿಂತು ನೋಡುತ್ತಿದೆ! ಬಿಡಿಸಿ ಬರೆದರೆ ವಿಸಂಧಿ, ಅಂದರೆ ಸಂಧಿಯಾಗಬೇಕಾದಲ್ಲಿ ಆಗದ ದೋಷ. ಹೀಗೆ ಮಾಡಿ:

ಮೋದದಿಂದೋಡುತಿದೆ ಗುಂಡಾಗಿ ಹನಿಯು
ಕಾದ ಹಂಚಿನ ಮೇಲೆ ಕುದಿಯದೀ ನೀರು