ಕರಗ, ಕೆರೆ ಎರಡನ್ನೂ ಸೇರಿಸಿ ಪಿಎಚ್‌ಡಿ ಮಾಡೋಕೆ ಬೆಂಗಳೂರಲ್ಲಿ ಎಲ್ಲಿ ಸೇರ್ಬೇಕು?

ಪೇಟೆಹುಡುಗಿ:
ಎಲ್ರಿಗೂ ನಮಸ್ಕಾರ. ಕನ್ನಡ ಎಂಎ ಮುಗ್ದಿದೆ, ಬೆಂಗಳೂರು ಕರಗದ ಮೇಲೆ ಕೆಲ್ಸ ಮಾಡ್ಬೇಕು ಅಂತ ಆಸೆ, ಆದ್ರೆ ಬರೀ ಆಚರಣೆಯ ವರ್ಣನೆ ಬೇಡ. ಸಂಪಂಗಿ ಕೆರೆ ಹೋಗಿ ಕಂಠೀರವ ಸ್ಟೇಡಿಯಂ ಬಂತು, ಕೆರೆ ನೀರು ನಂಬ್ಕೊಂಡು ತೋಟ ಮಾಡ್ತಿದ್ದ, ಕರಗ ಹೊರೋ ಸಮುದಾಯದ ತಿಗಳರ ಕಸುಬು ಹೋಯ್ತು, ಆದ್ರೂ ಕರಗಕ್ಕೆ ಅಂತ ಅಲ್ಲಿ ಚೂರು ಕೆರೆ ಇನ್ನೂ ಉಳ್ಕೊಂಡಿದೆ, ಇದು ನನ್ನ ತಲೇಲಿ ಕೂತ್ಬಿಟ್ಟಿದೆ. ಕನ್ನಡ ವಿಭಾಗದಲ್ಲಿ ಕೇಳಿದ್ರೆ ಇದು ಇತಿಹಾಸ ಅಂತಾರೆ, ಇತಿಹಾಸದವ್ರು ಪರಿಸರ ಅಂತಾರೆ. ಅಂತರಶಿಸ್ತೀಯ ಅಂತ ಬೋರ್ಡ್ ಇರೋ ಕಡೇಗೇ ಹೋಗ್ಬೇಕಾ? ಇಂಗ್ಲಿಷಲ್ಲಿ ಬರೆಯೋದು ಸ್ವಲ್ಪ ಕಷ್ಟ.

ಹಳೇಕಡತ:
ಬೋರ್ಡ್ ನೋಡಿ ಸೇರ್ಬೇಡಿ ಮೇಡಂ, ಗೈಡ್ ನೋಡಿ ಸೇರಿ. ಐಐಎಸ್‌ಸಿ ಕ್ಯಾಂಪಸ್ಸಲ್ಲಿರೋ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್‌ಡ್ ಸ್ಟಡೀಸ್, ಅಂದ್ರೆ ನಿಯಾಸ್‌ನ 1988ರಲ್ಲಿ ಜೆ.ಆರ್.ಡಿ. ಟಾಟಾ ಶುರು ಮಾಡಿಸಿದ್ದೇ ವಿಜ್ಞಾನದವ್ರು, ಮಾನವಿಕದವ್ರು ಒಂದೇ ಕಡೆ ಕೂತು ಯೋಚ್ನೆ ಮಾಡ್ಲಿ ಅಂತ. ನಾಗರಬಾವಿಯ ಐಸೆಕ್ (ಇನ್‌ಸ್ಟಿಟ್ಯೂಟ್ ಫಾರ್ ಸೋಶಿಯಲ್ ಅಂಡ್ ಎಕನಾಮಿಕ್ ಚೇಂಜ್) 1972ರದ್ದು, ಅಲ್ಲಿ ಸಮಾಜವಿಜ್ಞಾನ ಗಟ್ಟಿ. ಎರಡೂ ವಿಚಾರಿಸಿ. ಆದ್ರೆ ಅದಕ್ಕೂ ಮುಂಚೆ ನಿಮ್ಮ ಪ್ರಶ್ನೇನ ಒಂದೇ ವಾಕ್ಯಕ್ಕೆ ಇಳಿಸಿ. ಕೆರೆ ಹೋದ್ರೂ ಆ ಚೂರು ನೀರನ್ನ ಯಾರು, ಯಾವ ಹಕ್ಕಿನ ಮೇಲೆ ಉಳಿಸ್ಕೊಂಡ್ರು? ಹೀಗೆ ಕೇಳಿದ ತಕ್ಷಣ ಏನೇನು ಬೇಕು ಅಂತ ಅದೇ ಹೇಳತ್ತೆ: ಹಳೇ ಮ್ಯಾಪು, ವಿಧಾನಸೌಧದಲ್ಲಿರೋ ರಾಜ್ಯ ಪತ್ರಾಗಾರದ ಮೈಸೂರು ಸರ್ಕಾರದ ಕಡತ, ತಿಗಳರ ಮನೆ ಹಿರಿಯರ ಮಾತು. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರ ತಂಡ ಈ ಕೆರೆ ಸ್ಟೇಡಿಯಂ ಆಗಿದ್ದನ್ನ ಹೀಗೇ ಮ್ಯಾಪು, ದಾಖಲೆ, ಜನರ ನೆನಪು ಸೇರಿಸಿ ಹುಡುಕಿದೆ, ಮೊದ್ಲು ಅದನ್ನ ಓದಿ, ಅವ್ರು ಎಲ್ಲಿ ನಿಲ್ಲಿಸಿದಾರೋ ಅಲ್ಲಿಂದ ನೀವು ಹೊರಡ್ಬೋದು. ಎರಡು ವಿಷಯ ಪಕ್ಕಪಕ್ಕ ಇಟ್ಟು ಅಧ್ಯಾಯ ಒಂದು ಕರಗ, ಅಧ್ಯಾಯ ಎರಡು ಕೆರೆ ಅಂತ ಬರೆದಿರೋ ಥೀಸಿಸ್ ಬೇಕಾದಷ್ಟಿವೆ, ದಯವಿಟ್ಟು ಹಂಗೆ ಮಾತ್ರ ಮಾಡ್ಬೇಡಿ.

ರಂಗದವ್ನು:
ಕಡತ ಸರಿ ಸರ್, ಆದ್ರೆ ಕರಗ ಹೊರೋರ ಮೈಯಲ್ಲಿರೋ ತಿಳುವಳಿಕೆ ಯಾವ ಕಡತದಲ್ಲೂ ಸಿಗಲ್ಲ. ವ್ರತ, ನಡಿಗೆ, ಕತ್ತಿ ಹಿಡಿದು ಕರಗದ ಜೊತೆ ನಡೆಯೋ ವೀರಕುಮಾರರ ಜವಾಬ್ದಾರಿ, ಮಸ್ತಾನ್ ಸಾಬ್ ದರ್ಗಾಗೆ ಯಾಕೆ ಹೋಗ್ತಾರೆ ಅನ್ನೋದು, ಇದೆಲ್ಲಾ ಅವ್ರ ಜೊತೆ ಓಡಾಡಿ, ಕೇಳಿ ಕಲೀಬೇಕು. ಅವ್ರನ್ನ ಬರೀ ಮಾಹಿತಿದಾರರು ಅಂತ ನೋಡ್ಬೇಡಿ, ಬರೆದಿದ್ದನ್ನ ಅವ್ರಿಗೆ ಓದಿ ಹೇಳಿ. ಇನ್ನೊಂದು, ಪಿಎಚ್‌ಡಿ ಒಂದೇ ದಾರಿ ಅಲ್ಲ, ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ನಮ್ಮೂರಲ್ಲೇ ಇದೆ, ಕಲಾ ಸಂಶೋಧನೆಗೆ 1995ರಿಂದ ಗ್ರಾಂಟ್ ಕೊಡ್ತಿದೆ, ಪ್ರಪೋಸಲ್ ಕನ್ನಡದಲ್ಲೇ ಬರೀಬೋದು.

ಪೇಟೆಹುಡುಗಿ:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಹಕ್ಕಿನ ಪ್ರಶ್ನೆ ನಂಗೆ ಹೊಳ್ದೇ ಇರ್ಲಿಲ್ಲ. ಕನ್ನಡ ವಿಭಾಗದಲ್ಲೇ ಸೇರಿ ಇತಿಹಾಸದವ್ರನ್ನ ಕೋ-ಗೈಡ್ ಮಾಡ್ಕೋಬೋದಾ?

ಹಳೇಕಡತ:
ಮಾಡ್ಕೋಬೋದು. ಯುಜಿಸಿ 2022ರ ನಿಯಮದಲ್ಲಿ ಬೇರೆ ವಿಭಾಗದವ್ರು, ಬೇರೆ ಸಂಸ್ಥೆಯವ್ರು ಕೂಡ ಕೋ-ಗೈಡ್ ಆಗೋಕೆ ಅವಕಾಶ ಇದೆ. ಸೇರೋಕೆ ಮುಂಚೇನೇ ಇಬ್ರನ್ನೂ ಒಟ್ಟಿಗೆ ಕೂರಿಸಿ ಮಾತಾಡ್ಸಿ, ಆಮೇಲೆ ಅಪ್ಲಿಕೇಶನ್ ಹಾಕಿ.