ಅಪ್‌ಡೇಟ್: ಹಳೆಯ ಲೇತ್‌ಗಳ ಜಾಗದಲ್ಲಿ ಸಿಎನ್‌ಸಿ, ಜೊತೆಗೆ ತರಬೇತಿ

ಪೀಣ್ಯದ ನಮ್ಮ ಸಣ್ಣ ಘಟಕದಲ್ಲಿ ಹಳೆಯ ಲೇತ್‌ಗಳ ಬದಲು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರ ಹಾಕಬೇಕೆ, ಅಥವಾ ನೇರವಾಗಿ ರೋಬೋಟ್ ತೋಳಿಗೆ ಹಣ ತೊಡಗಿಸಬೇಕೆ ಎಂದು ಹಿಂದೆ ಕೇಳಿದ್ದೆ. ಬಹುತೇಕರ ಸಲಹೆಯಂತೆ ರೋಬೋಟನ್ನು ಸದ್ಯಕ್ಕೆ ಬಿಟ್ಟು, ಸಲಾಕೆಯನ್ನು ತಾನಾಗಿಯೇ ಒಳಗೆ ತಳ್ಳುವ ಬಾರ್ ಫೀಡರ್ ಸಹಿತ ಒಂದು ಟರ್ನಿಂಗ್ ಸೆಂಟರ್ (ಸಿಎನ್‌ಸಿ ಲೇತ್) ಕೊಂಡೆವು. ಪ್ರತಿ ತುಂಡನ್ನೂ ಕೈಯಿಂದ ಚಕ್‌ಗೆ (ಯಂತ್ರದ ತಿರುಗುವ ಹಿಡಿಕೆಗೆ) ಕಟ್ಟುವ ಕೆಲಸ ತಪ್ಪಿದೆ. ಆದರೆ ಆರ್ಡರ್ ಚಿಕ್ಕದಾದಾಗ ಕಾಲೆಟ್ (ಸಲಾಕೆಯ ವ್ಯಾಸಕ್ಕೆ ತಕ್ಕ ಹಿಡಿಕೆ) ಮತ್ತು ಟೂಲ್ ಬದಲಿಸುವ ಸಮಯವೇ ಲಾಭವನ್ನು ನುಂಗುವುದರಿಂದ, ಒಂದೇ ವ್ಯಾಸದ ಸಲಾಕೆಯ ಕೆಲಸಗಳನ್ನು ಒಟ್ಟುಗೂಡಿಸಿ ಓಡಿಸುತ್ತಿದ್ದೇವೆ.

ತರಬೇತಿಯ ವಿಷಯ ಹೆಚ್ಚು ಸ್ವಾರಸ್ಯಕರ. ಕಿರಿಯರನ್ನು, 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಅಲ್ಪಾವಧಿ ಕೋರ್ಸಿಗೆ ಕಳುಹಿಸಿದೆವು. ಹಿರಿಯ ಲೇತ್ ಕೆಲಸಗಾರರಿಗೆ ಮಾತ್ರ ಯಂತ್ರದ ಮುಂದೆಯೇ, ಕನ್ನಡದಲ್ಲೇ ಕಲಿಸಿದೆವು. ಪ್ರೋಗ್ರಾಮ್ ತ್ರಿಜ್ಯದ ಬದಲು ವ್ಯಾಸದ ಲೆಕ್ಕದಲ್ಲಿರುವಾಗ ಭಾಗದ ವ್ಯಾಸ 0.02 ಮಿ.ಮೀ. ಹೆಚ್ಚು ಬಂದರೆ ಎಕ್ಸ್ ಅಕ್ಷದ (ವ್ಯಾಸದ ದಿಕ್ಕಿನ) ವೇರ್ ಆಫ್‌ಸೆಟ್‌ನಲ್ಲಿ, ಅಂದರೆ ಟೂಲ್ ಸವೆತಕ್ಕೆ ಕೊಡುವ ತಿದ್ದುಪಡಿಯಲ್ಲಿ, ಪೂರ್ತಿ 0.02 ಕಳೆಯಬೇಕೇ ಹೊರತು ಅರ್ಧವನ್ನಲ್ಲ ಎಂಬುದನ್ನು ಅವರು ಬೇಗ ಹಿಡಿದರು. ಇನ್ಸರ್ಟ್ (ಟೂಲಿನ ತುದಿಯ ಬದಲಿಸಬಹುದಾದ ಅಲಗು) ಸವೆದದ್ದನ್ನು ಕತ್ತರಿಸುವ ಸದ್ದಿನಿಂದಲೇ ಗುರುತಿಸುವ ಅವರ ಕಿವಿ (ಇದಕ್ಕೆ ಯಾವ ಕೋರ್ಸೂ ಇಲ್ಲ) ಕಿರಿಯರಿಗೆ ಈಗ ಪಾಠವಾಗಿದೆ.

ವೋಲ್ಟೇಜ್ ಸ್ಟೆಬಿಲೈಸರ್ ಮತ್ತು ಒಣಗಿಸಿದ ಸಂಕುಚಿತ ಗಾಳಿಯ ವೆಚ್ಚವನ್ನು ಯಂತ್ರದ ಬೆಲೆಯೊಡನೆ ಮೊದಲೇ ಸೇರಿಸಿಕೊಳ್ಳಿ ಎಂದವರಿಗೆ ವಿಶೇಷ ಧನ್ಯವಾದಗಳು. ರೋಬೋಟಿನ ಪ್ರಶ್ನೆಯನ್ನು, ಒಂದೇ ಭಾಗಕ್ಕೆ ನಿರಂತರ ದೊಡ್ಡ ಬೇಡಿಕೆ ಬಂದಾಗ ಮತ್ತೆ ತೆಗೆದುಕೊಳ್ಳುತ್ತೇವೆ.